ಯಾರ ಕೆಲಸಕ್ಕೆ ಹೋಗಿದ್ದ

ನಮ್ಮಕ್ಕ ಮುದ್ದಮ್ಮನಿಗೆ ಕೂತ ಕಡೆ ಕೂತು ಗೊತ್ತಿಲ್ಲ. ಮದ್ದೂರಿನಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಅವಳದು. ಭಾವ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಾಳೆ. ಸೌಟು ಎಣಿಸುತ್ತಲೇ ಒಬ್ಬರಿಗೆ ಬಯ್ಯುತ್ತಾಳೆ, ಬಯ್ಯುತ್ತಲೇ ಇನ್ನೊಬ್ಬರಿಗೆ ಫೋನ್ ಹಚ್ಚುತ್ತಾಳೆ. ಅಂಗಡಿಯ ಗೂಡ್ಸ್ ಗಾಡಿ ಓಡಿಸುವ ಸಿದ್ದರಾಜು ಹೊರಟು ಹತ್ತು ನಿಮಿಷವಾದರೆ ಸಾಕು, ಎಲ್ಲಿದ್ದೀಯ ಅಂತ ಶುರು. ಎತ್ತದಿದ್ದರೆ ಅವನು ವಾಪಸು ಬಂದಾಗ ಬೀದಿಯವರೆಲ್ಲ ಕೇಳುವ ಹಾಗೆ ಮಂಗಳಾರತಿ. ನಾನು ಅವಳ ತಮ್ಮ ಕೆಂಪರಾಜು, ಪ್ರೈಮರಿ ಶಾಲೆ ಮೇಷ್ಟ್ರು. ಪಾಠ ಮಾಡುವಾಗ ನನ್ನನ್ನೂ ಬಿಟ್ಟವಳಲ್ಲ.

ಹೋದ ವರ್ಷ ಮದುವೆ ಕಾಲದಲ್ಲಿ ಮಳವಳ್ಳಿ ಕಡೆಯ ಒಂದು ಬೀಗರ ಊಟಕ್ಕೆ ಹೋಗಿದ್ದ ಪಾತ್ರೆಗಳಲ್ಲಿ ಒಂದು ಕೊಪ್ಪರಿಗೆ ವಾಪಸು ಬರಲಿಲ್ಲ. ಭಾನುವಾರ, ಅಂಗಡಿಗೆ ರಜ. ಆದರೂ ಅಕ್ಕ ಸಿದ್ದರಾಜುವನ್ನು ಊಟದ ಮುಂದಿನಿಂದ ಎಬ್ಬಿಸಿ ಹುಡುಕಿ ತಾ ಅಂತ ಓಡಿಸಿದಳು. ಕೊಪ್ಪರಿಗೆ ಸಿಗಲಿಲ್ಲ. ಖಾಲಿ ಗಾಡಿಯಲ್ಲಿ ಬರುತ್ತಿದ್ದವನಿಗೆ ಅಕ್ಕ ಏಳನೇ ಸಲ ಫೋನ್ ಮಾಡಿದಳು. ಅವನು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಎತ್ತಿದ. ಚಿಕ್ಕರಸಿನಕೆರೆ ಹತ್ತಿರ ಹುಲ್ಲಿನ ಹೊರೆ ಹೊತ್ತು ರಸ್ತೆ ಬದಿಯಲ್ಲಿ ನಡೆಯುತ್ತಿದ್ದ ಬೆಳ್ಳಮ್ಮ ಎಂಬ ಕೂಲಿ ಹೆಂಗಸಿಗೆ ಗಾಡಿ ಗುದ್ದಿತು. ಎಡಗಾಲು ಎರಡು ಕಡೆ ಮುರಿಯಿತು. ಆ ಸದ್ದನ್ನು ಅಕ್ಕ ಫೋನಿನಲ್ಲೇ ಕೇಳಿದಳು.

ಊರವರಿಗೆಲ್ಲ ಎಲ್ಲವನ್ನೂ ನೆನಪು ಮಾಡುವ ನಮ್ಮ ಮಹಾತಾಯಿ ಗಾಡಿಯ ಇನ್ಶೂರೆನ್ಸ್ ಕಟ್ಟುವುದನ್ನೇ ಮರೆತಿದ್ದಳು. ಮುಗಿದು ಹನ್ನೊಂದು ದಿನವಾಗಿತ್ತು. ಬೆಳ್ಳಮ್ಮ ಪರಿಹಾರಕ್ಕೆ ಕೇಸು ಹಾಕಿದಳು. ನಮ್ಮ ವಕೀಲರು ಬಿಡಿಸಿ ಹೇಳಿದರು. ಕೆಲಸಕ್ಕೆ ಕಳಿಸಿದಾಗ ಡ್ರೈವರ್ ಮಾಡಿದ ತಪ್ಪಿಗೆ ಮಾಲೀಕರೂ ಹೊಣೆ. ಅವನೇ ಹೇಳದೆ ಕೇಳದೆ ಸ್ವಂತಕ್ಕೆ ಗಾಡಿ ತೆಗೆದುಕೊಂಡು ಹೋಗಿದ್ದರೆ ವಾದಕ್ಕೊಂದು ದಾರಿಯಿದೆ. ಹಾಗಾದರೆ ಅಂಗಡಿ ಉಳಿಯುತ್ತದೆ, ಭಾರವೆಲ್ಲ ಸಿದ್ದರಾಜುವಿನ ತಲೆಗೆ. ಅವನ ಹತ್ತಿರ ಕೊಡಲು ಏನಿದೆ ಮಣ್ಣು? ಬೆಳ್ಳಮ್ಮನಿಗೆ ಸಿಗುವುದು ಬರಿಗೈ.

ವಕೀಲರು ಅಷ್ಟಕ್ಕೇ ಬಿಟ್ಟರು. ಉಳಿದದ್ದು ನನ್ನ ಕೆಲಸ. ಸಿದ್ದರಾಜುವನ್ನು ನಮ್ಮ ಮನೆ ಜಗಲಿಯಲ್ಲಿ ಕೂರಿಸಿಕೊಂಡು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಬಾಯಿಪಾಠ ಮಾಡಿಸಿದೆ. ಅಂಗಡಿ ರಜ ಇತ್ತು, ಹೆಂಡತಿಯ ಊರು ಚಿಕ್ಕರಸಿನಕೆರೆಗೆ ಕೇಳದೆ ಗಾಡಿ ಒಯ್ದಿದ್ದೆ, ಗಾಡಿ ಎಲ್ಲೋ ಅಂತ ಬಯ್ಯಲು ಅಕ್ಕ ಫೋನ್ ಮಾಡಿದ್ದರು, ಅಂತ. ಅವನು ಮೂರು ಸಲ ತಪ್ಪಿಲ್ಲದೆ ಒಪ್ಪಿಸಿದ.

"ಅಕ್ಕನ ಅಂಗ್ಡಿ ಉಳುದ್ರೆ ನಮ್ಮೊಟ್ಟೆನೂ ಉಳೀತದೆ, ಬುಡಿ ಮೇಷ್ಟ್ರೇ" ಅಂದ.

ನಾನು ಬೆನ್ನು ತಟ್ಟಿದೆ. ಕೋರ್ಟಿಗೂ ಹಾಗೇ ಬರೆದುಕೊಟ್ಟ. ಅಕ್ಕನ ಮೇಲಿನ ಮಮತೆಯಿಂದ ಮಾಡಿಸಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಆ ಅಂಗಡಿಯಲ್ಲಿ ನನ್ನ ದುಡ್ಡೂ ಇತ್ತು.

ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ದಿನ ಬಿಟ್ಟು ದಿನ ರಾಗಿ ಗಂಜಿ ಕಟ್ಟಿಕೊಂಡು ಬೆಳ್ಳಮ್ಮನಿದ್ದ ಮಂಡ್ಯದ ಆಸ್ಪತ್ರೆಗೆ ಓಡುತ್ತಿದ್ದಳು. ಯಾಕೆ ಹೋಗ್ತೀಯ, ಕೇಸು ಕೆಡುತ್ತೆ ಅಂತ ನಾನು ಎಗರಾಡಿದ್ದೇ ಬಂತು. ಬೆಳ್ಳಮ್ಮ ಬಯ್ಯಲೂ ಇಲ್ಲವಂತೆ. ಒಂದು ದಿನ ಮಾತ್ರ, "ನಾಟಿ ಕೆಲ್ಸವ ಕೂತ್ಕಂಡು ಮಾಡಕಾದದಾ ಅಕ್ಕ?" ಎಂದು ಕೇಳಿದಳಂತೆ. ಅವತ್ತು ಬಸ್ಸಿಳಿದು ಬಂದ ಅಕ್ಕ ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಇಳಿಸಿ ಮತ್ತೆ ತೊಳೆದಳು. ಯಾರಿಗೂ ಫೋನ್ ಮಾಡಲಿಲ್ಲ. ನನಗೆ ಭಯವಾಯಿತು.

ಸಾಕ್ಷಿ ಹೇಳುವ ದಿನ ಕಟಕಟೆ ಹತ್ತಿದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಬೆಳ್ಳಮ್ಮನ ಕಡೆಯ ವಕೀಲರು ಡ್ರೈವರ್ ಅವತ್ತು ಯಾರ ಕೆಲಸಕ್ಕೆ ಹೋಗಿದ್ದ ಎಂದು ಕೇಳಿದರು. ನಾನು ಎರಡನೇ ಬೆಂಚಿನಲ್ಲಿ ಕೂತು ತುಟಿ ಆಡಿಸಿ ಉತ್ತರ ಹೇಳಿಕೊಡುತ್ತಿದ್ದೆ. ಅವಳು ನನ್ನನ್ನು ನೋಡಿದಳು, ಮುಖ ತಿರುಗಿಸಿದಳು.

"ನನ್ ಕೆಲ್ಸುಕ್ಕೇ ಸ್ವಾಮಿ. ಕಳ್ಸುದ್ದೂ ನಾನೆ, ಫೋನ್ ಮಾಡುದ್ದೂ ನಾನೆ. ಎತ್ತದೆ ಓದ್ರೆ ನಾನು ಸುಮ್ಕೆ ಬುಡವಳಲ್ಲ, ಅದುಕ್ಕೇ ಎತ್ತವ್ನೆ."

ನಮ್ಮ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಂಗಡಿಯ ಅರ್ಧ ಆ ಒಂದು ಮಾತಿಗೇ ಹೋಯಿತು, ಬೆಳ್ಳಮ್ಮನ ಕೈಗೆ ಪರಿಹಾರ ಬಂತು. ಅದೆಲ್ಲ ಆಮೇಲಿನ ಮಾತು.

ಅಕ್ಕನ ನಂತರ ಸಿದ್ದರಾಜುವನ್ನು ಕರೆದರು. ನ್ಯಾಯಾಧೀಶರು ಅವನು ಬರೆದುಕೊಟ್ಟ ಹಾಳೆಯನ್ನು ಎತ್ತಿ ಹಿಡಿದು, ಈ ಸುಳ್ಳನ್ನು ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಅವನು ನನ್ನ ಕಡೆ ಸ್ವಲ್ಪ ಕತ್ತು ತಿರುಗಿಸಿದ್ದರೆ ಸಾಕಿತ್ತು. ತಿರುಗಿಸಲಿಲ್ಲ.

"ಯಾರೂ ಇಲ್ಲ ಸ್ವಾಮಿ. ನಾನೇ ಯೋಚ್ನೆ ಮಾಡಿ ಬರ್ಸುದ್ದು" ಅಂದ.

ನ್ಯಾಯಾಧೀಶರು ಅವನಿಗೆ ಎಲ್ಲರೆದುರು ಛೀಮಾರಿ ಹಾಕಿದರು. ಸುಳ್ಳು ಬರೆದುಕೊಟ್ಟದ್ದಕ್ಕೆ ಬೇರೆಯೇ ಕೇಸಾಗುತ್ತದೆ, ಜೈಲಾಗುತ್ತದೆ ಎಂದರು. ಅವನು ಕೈಮುಗಿದುಕೊಂಡೇ ಇದ್ದ. ನನ್ನ ಪಕ್ಕದಲ್ಲಿ ಬಂದು ಕೂತಿದ್ದ ಅಕ್ಕ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ಎರಡು ಸಲ ತಿವಿದಳು. ಮೇಷ್ಟ್ರು ಎದ್ದು ನಿಲ್ಲಬೇಕಾಗಿತ್ತು. ನಾನು ತಲೆ ಬಗ್ಗಿಸಿ ಚಪ್ಪಲಿ ಸರಿ ಮಾಡಿಕೊಳ್ಳುತ್ತಾ ಕೂತಿದ್ದೆ.