ಮಟ್ಟೆ ಕೊಟ್ಟಿಗೆಯ ಚಿಲಕ

ಬಿಳಿಗೆರೆ ಹತ್ತಿರದ ನಮ್ಮ ತೋಟಕ್ಕೆ ನೇಪಾಳದ ಗಂಡ ಹೆಂಡತಿ ಕೆಲಸಕ್ಕೆ ಬಂದು ಆಗ ಎಂಟು ತಿಂಗಳಾಗಿತ್ತು. ಅವರ ಊರು ಆ ದೇಶದ ಪಡುವಣ ಬೆಟ್ಟಗಳಲ್ಲಿದೆ. ಬಸ್ಸು ಇಳಿದ ಮೇಲೆ ಎರಡು ದಿನ ನಡೆಯಬೇಕಂತೆ. ಬಂದ ಹೊಸದರಲ್ಲಿ ಅವಳು ಫೋನಿನಲ್ಲಿ ಊರಿನ ಚಿತ್ರ ತೋರಿಸಿದ್ದಳು. ಕಲ್ಲುಚಪ್ಪಡಿ ಹೊದಿಸಿದ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲ, ಹೊಲದ ಅಂಚಿನಲ್ಲಿ ಎದೆಯೆತ್ತರದ ಒಂದು ಮಣ್ಣಿನ ಗೂಡು.

"ಕೋಳಿ ಗೂಡಾ?" ಎಂದು ಕೇಳಿದ್ದೆ. ಅವಳು ನಕ್ಕು ಫೋನನ್ನು ಸೆರಗಿಗೆ ಒರೆಸಿ ಒಳಗಿಟ್ಟುಕೊಂಡಳು.

ಅವರಿಗೆ ನಾವು ಕೊಟ್ಟಿದ್ದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆ. ಮೇಲೆ ಹಲಗೆಗಳ ಮೇಲೆ ಕಾಯಿ ವರ್ಷವಿಡೀ ಒಣಗುತ್ತವೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೂ ಯಾರೂ ಮುಟ್ಟುವುದಿಲ್ಲ. ಕೋಣೆ ಬೆಚ್ಚಗಿರುತ್ತದೆ ಎಂದು ಅವಳಿಗೆ ಖುಷಿಯಾಗಿತ್ತು.

ಆ ಬೆಳಗ್ಗೆ ಕಾಯಿ ಸುಲಿಯುವ ಮುದುಕ ಎಂದಿನಂತೆ ಮೊದಲು ಬಂದ. ಹಿಂದಿನ ದಿನ ಕಾಯಿಯಿಂದ ಸುಲಿದ ನಾರಿನ ಮಟ್ಟೆಯನ್ನು ಕೊಟ್ಟಿಗೆಗೆ ತುಂಬಬೇಕಿತ್ತು. ನಾನು ಹಿತ್ತಲಲ್ಲಿ ಪಾತ್ರೆ ಬೋರಲು ಹಾಕುತ್ತಿದ್ದೆ.

"ಒಳಗಿಂದ ಚಿಲ್ಕ ಹಾಕೈತೆ ಕಣವ್ವ. ಮಟ್ಟೆ ಕದ್ಯಾಕೂ ಕಳ್ರು ಬತ್ತಾರೆ ಅಂತ ಕಾವಲು ಮಡಗಿದ್ದೀಯೇನು?" ಎಂದು ಕೂಗಿದ.

ನಾನು ನಗುತ್ತಲೇ ಹೋದೆ. ಬಾಗಿಲ ಕೆಳಗಿನ ಸಂದಿಯಿಂದ ಹೊಗೆ ಬರುತ್ತಿತ್ತು, ತೆಳ್ಳಗೆ, ನೆಲ ಹಿಡಿದು. ಮುದುಕ ನನ್ನ ಮುಖ ನೋಡಿದ. ಆಮೇಲೆ ಕಾಯಿ ಸುಲಿಯುವ ಹಾರೆಯನ್ನೇ ನೆಲದಿಂದ ಕಿತ್ತು ತಂದು ಬಾಗಿಲಿಗೆ ಕೊಟ್ಟು ಮೀಟಿದ. ಎರಡನೆಯ ಸಲಕ್ಕೆ ಚಿಲಕ ಕಿತ್ತು ಬಂತು.

ಅವಳು ಗೋಣಿಚೀಲದ ಮೇಲೆ ಮಗ್ಗುಲಾಗಿ ಮಲಗಿದ್ದಳು. ತಲೆಯ ಹತ್ತಿರ ಹಳೆಯ ಬಾಣಲೆಯಲ್ಲಿ ಸೊಳ್ಳೆಗೆಂದು ಹಾಕಿದ ಮಟ್ಟೆ ಇನ್ನೂ ಹೊಗೆಯಾಡುತ್ತಿತ್ತು. ಕೂಗಿದರೆ ಓಗೊಡಲಿಲ್ಲ. ನಾನು ಕಂಕುಳಿಗೆ ಕೈ ಹಾಕಿದೆ, ಎತ್ತಲಾಗಲಿಲ್ಲ. ಅವಳ ಗಂಡ ಓಡಿ ಬಂದವನು ಹೊಸ್ತಿಲಿನಿಂದ ನಾಲ್ಕು ಮಾರು ದೂರದಲ್ಲಿ ನಿಂತುಬಿಟ್ಟ. ಮುಂದೆ ಬರಲಿಲ್ಲ.

"ಮುಟ್ಟಂಗಿಲ್ಲ ಅಮ್ಮ. ಇವತ್ತು ಮೂರ್ ದಿನ. ಐದು ಆಗ್ಬೇಕು."

ಅವನು ಹೇಳಿದ್ದು ಅರ್ಥವಾಗುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಿನ್ ಹೆಂಡ್ರು ಕಣ್ಲಾ ಅವ್ಳು. ಕಾಲ್ ಹಿಡ್ಕಳಾ," ಎಂದ ಮುದುಕ. ಜೋರಾಗಿ ಹೇಳಲಿಲ್ಲ. ಗಂಡ ಬಂದು ಹಿಡಿದುಕೊಂಡ.

ಟೆಂಪೊದಲ್ಲಿ ತಿಪಟೂರಿನ ಆಸ್ಪತ್ರೆಗೆ ಹೋಗುವಷ್ಟು ಹೊತ್ತೂ ಅವಳ ಮೂಗಿನ ಹತ್ತಿರ ನನ್ನ ಕೈಯ ಹಿಂಬದಿ ಇತ್ತು. ಉಸಿರು ತಾಗುತ್ತಿತ್ತು, ಕೆಲವು ಸಲ ತಾಗುತ್ತಿರಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಧ್ಯಾಹ್ನ ಆಮ್ಲಜನಕದ ಮುಖವಾಡದೊಳಗೆ ಅವಳು ಕಣ್ಣು ಬಿಟ್ಟಳು. ಸಂಜೆ ಮಾತಾಡಿದಳು.

ಅವರ ಬೆಟ್ಟದಲ್ಲಿ ಮುಟ್ಟಾದ ಹೆಂಗಸು ಮನೆಯೊಳಗೆ ಮಲಗಿದರೆ ದೇವರು ಮುನಿಯುತ್ತಾನೆ, ಹಸು ಬತ್ತುತ್ತದೆ ಎನ್ನುತ್ತಾರಂತೆ. ಅದಕ್ಕೆಂದೇ ಕಟ್ಟಿದ ಗೂಡಿನಲ್ಲಿ ಮಲಗಬೇಕು. ಫೋನಿನಲ್ಲಿ ನಾನು ನೋಡಿದ್ದು ಅದೇ. ಅವಳ ಚಿಕ್ಕಮ್ಮ ಅಂಥದೇ ಗೂಡಿನಲ್ಲಿ, ಹಿಮ ಬಿದ್ದ ಕಾಲದಲ್ಲಿ, ಬೆಂಕಿ ಹಾಕಿಕೊಂಡು ಮಲಗಿದ್ದವಳು ಏಳಲಿಲ್ಲ.

ಎಂಥ ಊರು, ಎಂಥ ಜನ ಎಂದುಕೊಂಡೆ. ಹಾಗೆ ಅಂದುಕೊಂಡಿದ್ದು ಚೆನ್ನಾಗಿ ನೆನಪಿದೆ.

"ಅದು ನಿಮ್ಮೂರಾಯ್ತು. ಇಲ್ಲಿ ಯಾಕೆ ಹಂಗೆ ಮಾಡಿದೆ? ಇಲ್ಲಿ ನಿನ್ನ ಯಾರು ಕೇಳ್ತಿದ್ರು?"

"ಮೊದಲ ತಿಂಗಳು ಕೋಣೇಲೇ ಮಲಗಿದ್ದೆ ಅಕ್ಕ. ಇಲ್ಲಿ ಅದೆಲ್ಲ ಇಲ್ಲ ಅಂತ ಖುಷಿ ಆಗಿತ್ತು. ಆಮೇಲೆ ನೀವು ಹೇಳಿದ್ರಲ್ಲ."

"ನಾನಾ?"

"ಮುಟ್ಟಾದಾಗ ಅಟ್ಟದ ಹತ್ರ ಬರಬೇಡ, ಕೊಬ್ಬರಿ ಕೌಟಾಗುತ್ತೆ ಅಂತ. ನಮ್ ಕೋಣೆ ಅಟ್ಟದ ಕೆಳಗೇ ಇದೆಯಲ್ಲ ಅಕ್ಕ. ನಿಮ್ ಕೊಬ್ಬರಿ ಹಾಳಾದ್ರೆ?"

ಹೇಳಿದ್ದೆ. ಏಣಿಯ ಬುಡದಲ್ಲಿ ನಿಂತು, ಕೈಯಲ್ಲಿದ್ದ ಮೊರವನ್ನು ಅವಳಿಗೆ ಕೊಡುತ್ತ ಹೇಳಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಏಣಿ ಹತ್ತುವ ವಿಷಯ ಮಾತ್ರ. ಮದುವೆಯಾಗಿ ಬಂದ ವರ್ಷ ಅತ್ತೆ ನನಗೆ ಅದೇ ಜಾಗದಲ್ಲಿ ಹೇಳಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಋತುಚಕ್ರದ ಚಿತ್ರವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಪಾಠ ಮುಗಿಸಿ ಮನೆಗೆ ಬಂದು, ಆ ದಿನಗಳಲ್ಲಿ ಅಟ್ಟದ ಕಡೆ ಹೋಗದೆ ಇದ್ದೇನೆ.

ಏಳು ತಿಂಗಳು ಅವಳು ಮಟ್ಟೆಯ ಜೊತೆ ಮಲಗಿದ್ದಳು. ಬಾಗಿಲು ತೆರೆದಿಟ್ಟುಕೊಳ್ಳುತ್ತಿದ್ದಳಂತೆ. ಆ ವಾರ ಕಂದಿಕೆರೆ ಕಡೆ ಚಿರತೆ ಕಂಡಿತೆಂದು ಸುದ್ದಿ ಬಂದದ್ದರಿಂದ ಚಿಲಕ ಹಾಕಿಕೊಂಡಿದ್ದಳು. ಚಿರತೆಯ ಸುದ್ದಿಯನ್ನು ಅವಳಿಗೆ ಹೇಳಿದವಳೂ ನಾನೇ.

ನಾವು ವಾಪಸು ಬಂದಾಗ ಕೊಟ್ಟಿಗೆಗೆ ಬಾಗಿಲೇ ಇರಲಿಲ್ಲ. ಅತ್ತೆ ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು.

"ಕಿತ್ತಾಕುಸ್ದೆ. ಮಟ್ಟೆಗೆ ಯಾತಕ್ಕೆ ಬಾಗ್ಲು, ಬುಡು," ಎಂದರು. ಕೊಬ್ಬರಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ತಿಂಗಳು ಅವಳು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಬಗಲಲ್ಲಿ ಗೋಣಿಚೀಲ ಸುತ್ತಿಕೊಂಡಿದ್ದಳು.

"ಅಕ್ಕ, ಈ ಸಲ ಎಲ್ಲಿ ಮಲಗಲಿ?"

ಉತ್ತರ ಸಿದ್ಧವಾಗಿಯೇ ಇತ್ತು. ಒಂದು ತಿಂಗಳಿಂದ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಆದರೂ ಬಾಯಿಗೆ ಬರುವ ಮುಂಚೆ ನನ್ನ ಕಣ್ಣು ಅಟ್ಟದ ಕಡೆ ಹೋಯಿತು. ಆ ವರ್ಷದ ಅಷ್ಟೂ ಕಾಯಿ ಅಲ್ಲಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು, ಗೋಣಿಚೀಲವನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡಳು.

ನಾನು ಆ ಚೀಲ ಇಸಿದುಕೊಂಡು ಏಣಿಯ ಹತ್ತಿರ ಹೋದೆ. "ಮೇಲೆ ಕಾಯಿ ಮಗುಚಿ ಹಾಕಬೇಕು. ನೀನು ಮುಂದೆ ಹತ್ತು," ಎಂದೆ.

ಅವಳು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಜಗುಲಿಯ ಕಡೆ ನೋಡಿದಳು. ಅತ್ತೆ ಎಲೆ ಅಡಿಕೆಯ ತಟ್ಟೆಯತ್ತ ಮುಖ ತಿರುಗಿಸಿಕೊಂಡಿದ್ದರು. ನಾನು ಏಣಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತೆ. ಅವಳು ಹತ್ತಿದಳು.