ಖಂಡೆಪ್ಪನ ಮಗ ಫಿಜಿಯಲ್ಲಿ ತರುಬಿದ ಹಿಂಡು

ಕುರಿಯ ಹಿಕ್ಕೆಗೆ ಧರ್ಮವಿಲ್ಲ. ಉಮರ್ಗಾದಿಂದ ನಿಲಂಗಾ, ಅಲ್ಲಿಂದ ಉದಗೀರದವರೆಗೆ ಅಂಗೈಯಗಲ ಹೊಲ ಇದ್ದವನಿಗೂ ಇದು ಗೊತ್ತು. ಬೇಸಿಗೆಯಲ್ಲಿ ಖಾಲಿ ಹೊಲದಲ್ಲಿ ಹಿಂಡು ತರುಬಿದರೆ, ಅಂದರೆ ಸುತ್ತ ಬಲೆ ಕಟ್ಟಿ ಕುರಿಗಳನ್ನು ಅಲ್ಲೇ ಮಲಗಿಸಿದರೆ, ಮುಂದಿನ ಹಂಗಾಮಿನ ತೊಗರಿಯ ಬಣ್ಣವೇ ಬೇರೆ. ಗೊತ್ತಿದ್ದೂ ನಮ್ಮ ದಾಳಿಂಬ ಊರಿನ ರೈತರು ಎರಡು ಬೇಸಿಗೆ ಖಂಡೆಪ್ಪನ ಹಿಂಡಿಗೆ ಹೊಲ ಕೊಡಲಿಲ್ಲ. ಯಾಕೆಂದು ಕೇಳಿದರೆ 'ಧರ್ಮದ ವಿಷಯ' ಎಂದರು. ಸುಳ್ಳು. ಅದು ಚಹಾದ ವಿಷಯ.

ಖಂಡೆಪ್ಪ ಕುರುಬ, ಕುರುಬರ ದೇವರು ಬೀರಪ್ಪನ ಭಕ್ತ. ಹಣೆಗೆ ಭಂಡಾರದ ಅರಿಶಿನ ಹಚ್ಚದೆ ಹಟ್ಟಿಯಿಂದ ಹೊರಗೆ ಕಾಲಿಡುವವನಲ್ಲ. ಅವನ ಮಗ ಸಿದ್ಧಾರೂಢ ಮೊಬೈಲ್ ರಿಪೇರಿ ಕಲಿಯಲು ಹೈದರಾಬಾದಿಗೆ ಹೋದ. ಅಲ್ಲಿ ಬಾಡಿಗೆ ಕೋಣೆಯ ಪಕ್ಕದವರು ಮಾರ್ಮನ್ ಪಂಥದ ಕ್ರೈಸ್ತರು. ಅವರ ಜೊತೆ ಹೋಗಿ ಕೂತ, ಕೇಳಿದ, ಓದಿದ, ವಾದ ಮಾಡಿದ, ಕೊನೆಗೆ ತಾನೇ ದೀಕ್ಷೆ ಪಡೆದ. ಅಕ್ಕಿ ಕೊಟ್ಟರು, ರೊಕ್ಕ ಕೊಟ್ಟರು ಎಂದು ಇಲ್ಲಿ ಪುಕಾರು ಎದ್ದಿತು. ಏನು ಕೊಟ್ಟರಪ್ಪಾ ಎಂದು ಅವನನ್ನೇ ಕೇಳಿದೆ. ನಕ್ಕುಬಿಟ್ಟ.

"ಏನ್ ಕೊಟ್ಟಾರ್ರೀ? ಇದ್ದ ಚಹಾ ಬಿಡಿಸ್ಯಾರ!"

ಆ ಪಂಥದವರಿಗೆ ಚಹಾ, ಕಾಫಿ, ಹೆಂಡ, ತಂಬಾಕು ಯಾವುದೂ ಇಲ್ಲ. ಬಾಯಿತುಂಬ ಗುಟಖಾ ತುಂಬಿಕೊಂಡು ಆಟೋ ನಿಲ್ದಾಣದ ಗೋಡೆ ಕೆಂಪು ಮಾಡುವ ನಮ್ಮ ಹುಡುಗರು ಇವನನ್ನು 'ಕೆಟ್ಟು ಹೋದವ' ಎಂದರು. ಹಾಗೆನ್ನುವಾಗಲೂ ಉಗುಳುತ್ತಲೇ ಇದ್ದರು.

ಹಿಂದಿ ಬರುತ್ತದೆಂದು ಅವನನ್ನು ಎರಡು ವರ್ಷದ ಧರ್ಮಸೇವೆಗೆ, ಹಿಂದಿ ಆಡುವ ಭಾರತ ಮೂಲದವರಿರುವ ಫಿಜಿ ದ್ವೀಪಕ್ಕೆ ಆರಿಸಿದರು. ಹೊರಡುವ ಮುಂಚೆ ಮಾಣಿಕಪ್ಪನ ಮನೆಗೆ ಹೇಳಿಬರಲು ಹೋದ. ಮಾಣಿಕಪ್ಪ ಲಿಂಗವಂತ, ಊರಿನ ದೊಡ್ಡ ರೈತ; ನಮ್ಮ ಕಡೆ ರೈತನಿಗೇ ಒಕ್ಕಲಿಗ ಎನ್ನುತ್ತಾರೆ. ಖಂಡೆಪ್ಪನ ಅಜ್ಜನ ಕಾಲದಿಂದಲೂ ಹಿಂಡು ಮೊದಲು ತರುಬುವುದು ಅವರ ಹೊಲದಲ್ಲೇ. ಹೆಂಡತಿ ಸುಮನಬಾಯಿ ಚಹಾ ತಂದಿಟ್ಟಳು.

"ಕುಡಿ ತಮ್ಮಾ, ಆರ್ತದ," ಎಂದ ಮಾಣಿಕಪ್ಪ.

"ಬ್ಯಾಡ್ರಿ ಕಾಕಾ. ಅಲ್ಲಿ ಸೇರ್ದಾಗಿಂದ ಬಿಟ್ಟೀನಿ."

"ಅಂದ್ರ ನಿನ್ನ ಹೊಸ ದೇವರಿಗಿ ನಮ್ಮನಿ ಚಹಾ ನಡ್ಯಂಗಿಲ್ಲ?"

ನಮ್ಮ ಕಡೆ ಊಟ ಒಲ್ಲೆ ಎಂದರೆ ಹೊಟ್ಟೆ ತುಂಬಿದೆ ಎಂದು ಬಿಡುತ್ತಾರೆ. ಚಹಾ ಒಲ್ಲೆ ಎಂದರೆ ಮನೆಯನ್ನೇ ಒಲ್ಲೆ ಎಂದಂತೆ. ಹೆತ್ತ ತಾಯಿ ಕೊಟ್ಟರೂ ಕುಡಿಯುವುದಿಲ್ಲ ಎಂದು ಆ ಹುಡುಗ ಹೇಳಬೇಕಿತ್ತು. ಹಿರಿಯರೆದುರು ನಾಲಿಗೆ ಏಳಲಿಲ್ಲ, ತಲೆ ತಗ್ಗಿಸಿದ. ತಗ್ಗಿದ ತಲೆಯನ್ನು ಮಾಣಿಕಪ್ಪ ಹೌದೆಂದು ಓದಿಕೊಂಡ. "ಈ ಸಲ ಹಿಂಡು ಬ್ಯಾಡ" ಎಂದು ಖಂಡೆಪ್ಪನಿಗೆ ಹೇಳಿ ಕಳಿಸಿದ. ದೊಡ್ಡವರು ಬೇಡವೆಂದ ಮೇಲೆ ಉಳಿದವರಿಗೂ ಬೇಡವಾಯಿತು. ಒಬ್ಬನೂ ಮಾಣಿಕಪ್ಪನನ್ನು ಯಾಕೆಂದು ಕೇಳಲಿಲ್ಲ. ಊರಲ್ಲಿ ಇಷ್ಟು ಹೊಲ ಖಾಲಿ ಇದ್ದೂ ಖಂಡೆಪ್ಪ, ಅವನ ಹೆಂಡತಿ ಬಂಡಮ್ಮ ಹಿಂಡು ಹೊಡೆದುಕೊಂಡು ವಲಾಂಡಿ ಊರು ದಾಟಿ ಗುರುತಿಲ್ಲದವರ ಬದುವಿನಲ್ಲಿ ಜಾಗ ಬೇಡಬೇಕಾಯಿತು.

ಅತ್ತ ಫಿಜಿಯಲ್ಲಿ ಸಿದ್ಧಾರೂಢನಿಗೆ ಬಿಳಿ ಅಂಗಿ, ಎದೆಯ ಮೇಲೆ 'ಎಲ್ಡರ್', ಅಂದರೆ ಹಿರಿಯ, ಎಂಬ ಕರಿ ಫಲಕ. ಅವನಿದ್ದದ್ದು ಕಬ್ಬಿನ ಸೀಮೆಯ ಸಣ್ಣ ಊರು. ಅಲ್ಲಿನ ಸಭೆ, ಅವರ ಮಾತಿನಲ್ಲಿ ಶಾಖೆ, ನಡೆಸುತ್ತಿದ್ದ ಮನುಷ್ಯ ಸಂಸಾರ ಸಮೇತ ನ್ಯೂಜಿಲೆಂಡಿಗೆ ಹೋಗಿಬಿಟ್ಟ. ಬೇರೆ ಯಾರೂ ಇರಲಿಲ್ಲ. ಮೀಸೆ ಸರಿಯಾಗಿ ಬಲಿಯದ ಈ ಹುಡುಗನನ್ನೇ ಶಾಖೆಯ ಅಧ್ಯಕ್ಷನನ್ನಾಗಿ ಮಾಡಿದರು. ಪ್ರಾರ್ಥನೆ ನಡೆಸುವುದು, ಕಾಯಿಲೆಯವರನ್ನು ನೋಡುವುದು, ಗಂಡಹೆಂಡಿರ ಜಗಳ ಬಿಡಿಸುವುದು, ಸತ್ತವರ ಮಣ್ಣಿಗೆ ನಿಲ್ಲುವುದು, ಎಲ್ಲವೂ ಅವನ ಹೆಗಲಿಗೆ. ಭಾನುವಾರ ಬಾಡಿಗೆಯ ಹಾಲ್‌ನಲ್ಲಿ ಕುರ್ಚಿ ಜೋಡಿಸಿ ಕಾಯುತ್ತಿದ್ದ. ಕುರ್ಚಿಗಳು ಹಾಗೇ ಇರುತ್ತಿದ್ದವು. ಹೀಗೇ ಆದರೆ ಶಾಖೆ ಮುಚ್ಚುತ್ತೇವೆ ಎಂದರು ಮೇಲಿನವರು.

ಸೋಮವಾರ ಮನೆಗೆ ಫೋನ್ ಮಾಡಲು ಅವನಿಗೆ ಅನುಮತಿ ಇತ್ತು. ಖಂಡೆಪ್ಪ ಬದುವಿನ ಮೇಲೆ ಕೂತು ಎತ್ತಿದ.

"ಏನಪಾ ಹಿರ್ಯಾ, ಹೆಂಗ ಅದಿ?"

"ಅಪ್ಪಾ, ಮಂದಿ ಬರವಲ್ರು. ಮನಿ ಭಾಳ ದೂರ ಅದಾವ. ಕಬ್ಬಿನಾಗ ಅಲ್ಲೊಂದು ಇಲ್ಲೊಂದು."

"ಮತ್ತ ನೀ ಎಲ್ಲಿ ಕುಂತಿ?"

"ಹಾಲ್‌ನಾಗ."

"ಥೂ ಹುಚ್ಚಾ! ನಾವೇನು ಒಕ್ಕಲಿಗರಿಗಿ 'ನಿಮ್ಮ ಹೊಲ ಹೊತ್ಕೊಂಡು ನಮ್ಮ ಹಟ್ಟಿಗಿ ಬರ್ರಿ' ಅಂತೀವೇನು? ಬಲಿ ಗೂಟ ಕಿತ್ತು ನಡಿ!"

ಹಿಂದಿನಿಂದ ಬಂಡಮ್ಮ ಕೂಗಿದಳು. "ಉಂಡಾನೋ ಇಲ್ಲೋ ಕೇಳ್ರಿ ಮೊದಲ! ದೇವರದು ಆಮ್ಯಾಲ."

ಸಿದ್ಧಾರೂಢ ಮೇಲಿನವರ ಒಪ್ಪಿಗೆ ಪಡೆದು ಬಲೆ ಕಿತ್ತ. ಒಂದು ಭಾನುವಾರ ಒಬ್ಬರ ಮನೆಯಲ್ಲಿ ಸಭೆ, ಮುಂದಿನ ಭಾನುವಾರ ಇನ್ನೊಬ್ಬರದು. ಹಿಂಡು ತರುಬಿದ ಕುರುಬನಿಗೆ ಒಕ್ಕಲಿಗ ಜೋಳ ಕೊಡುವ ಹಾಗೆ ಅಲ್ಲಿ ಮನೆಯವರು ಅಡುಗೆ ಮಾಡುತ್ತಿದ್ದರು. ಹಿಂಡು ಮಲಗಿದ ಹೊಲ ಬರಿದಾಗಿ ಉಳಿಯುವುದಿಲ್ಲವಲ್ಲ, ಹಾಗೆಯೇ ಸಭೆಗೆ ಬಂದವರೂ ಆ ಮನೆಯ ಸೋರುವ ತಗಡು ಸರಿಮಾಡದೆ, ಮುರಿದ ಬೇಲಿ ಕಟ್ಟದೆ ಅಲ್ಲಿಂದ ಏಳುತ್ತಿರಲಿಲ್ಲ. ಹಾಸಿಗೆ ಹಿಡಿದು ಸಭೆಯ ಮುಖವನ್ನೇ ಮರೆತಿದ್ದ ಮುದುಕಿಯೊಬ್ಬಳ ಮಂಚದ ಸುತ್ತ ಒಮ್ಮೆ ಎಲ್ಲರೂ ಕೂತು ಹಾಡಿದರು. ಅವಳ ಮಕ್ಕಳು ಬಂದರು, ನೆರೆಯವರು ಬಂದರು. ಕೊನೆಕೊನೆಗೆ ಯಾವ ಮನೆಯೂ ಸಾಲದೆ ಮಾವಿನ ಮರದಡಿ ಕೂರಬೇಕಾಯಿತು. ಇವನು ಹೊರಡುವಾಗ ಅಧ್ಯಕ್ಷನ ಕೆಲಸವನ್ನು ಅಲ್ಲಿಯವನೇ ಆದ ಕಬ್ಬಿನ ಲಾರಿ ಡ್ರೈವರ್ ವಹಿಸಿಕೊಂಡ. ಶಾಖೆ ಮುಚ್ಚಲಿಲ್ಲ.

ಒಂದು ಚರ್ಚು ಬೀರಪ್ಪನ ಭಕ್ತನ ಮಾತಿನ ಮೇಲೆ ಎದ್ದು ನಿಂತಿತು. ಈಗ ಹೇಳಿ, ಯಾರ ಧರ್ಮ ಕೆಟ್ಟಿತು? ಬೀರಪ್ಪ ಮುನಿದ ಸುದ್ದಿ ನನಗಂತೂ ಬಂದಿಲ್ಲ.

ಈ ಬೇಸಿಗೆ ಸಿದ್ಧಾರೂಢ ಊರಿಗೆ ಬಂದ. ಹಿಂಡು ಊರ ಹೊರಗೆ ರಸ್ತೆ ಬದಿಗೆ ನಿಂತಿತ್ತು. "ಅವರ ಬಾಗಿಲಿಗಿ ಹೋಗಬ್ಯಾಡ" ಎಂದು ಅಪ್ಪ ತಡೆದರೂ ಅವನು ನೇರ ಮಾಣಿಕಪ್ಪನ ಮನೆಗೇ ನಡೆದ.

"ಕಾಕಾ, ನಮ್ಮವ್ವ ಕೊಟ್ಟರೂ ನಾ ಚಹಾ ಕುಡ್ಯಂಗಿಲ್ರಿ. ಅವತ್ತೇ ಹೇಳ್ಬೇಕಿತ್ತು. ಬಾಯಿ ಬರಲಿಲ್ಲ."

ಒಳಗಿನಿಂದ ಸುಮನಬಾಯಿ ಬಂದವಳೇ ಗಂಡನಿಗೇ ತಗುಲಿಕೊಂಡಳು.

"ಎರಡ ವರ್ಷ ನನ್ನ ಚಹಾದಾಗೇ ಏನೋ ಕಮ್ಮಿ ಬಿದ್ದದ ಅಂತ ತಿಳಕೊಂಡಿದ್ದೆ! ಒಂದ ಮಾತು ಕೇಳಾಕ ಆಗಲಿಲ್ಲೇನು ನಿಮಗ? ತಮ್ಮಾ, ಮಜ್ಜಿಗಿ ನಡೀತದೇನು?"

"ನಡೀತದ ಮಾವಶಿ. ಎರಡ ಗ್ಲಾಸ ನಡೀತದ."

ಎರಡನೆಯ ಗ್ಲಾಸು ಖಾಲಿಯಾದ ಮೇಲೆ ಮಾಣಿಕಪ್ಪ ಬಾಯಿ ಬಿಟ್ಟ.

"ಮಜ್ಜಿಗಿ ಕುಡಿಯೋ ದೇವರ ಮ್ಯಾಲ ನಂದೇನು ತಕರಾರ ಇಲ್ಲ. ಖಂಡೆಪ್ಪಗ ಹೇಳು, ಸಂಜಿಗೇ ಬಲಿ ಗೂಟ ತಗೊಂಡು ಬರಲಿ."

ಅಂದು ಸಂಜೆ ಹಿಂಡು ಊರ ನಡುವಿನಿಂದಲೇ ಹೋಯಿತು. ಧೂಳು ಮುಗಿಲಿಗೆ ಏರಿತು. ಟ್ರ್ಯಾಕ್ಟರುಗಳು ದಾರಿ ಬಿಟ್ಟು ನಿಂತವು. ಖಂಡೆಪ್ಪ ಮುಂದೆ ಸೀಟಿ ಹಾಕುತ್ತ ನಡೆದ, ಕುಂಟುವ ಮರಿಯನ್ನು ಕಂಕುಳಲ್ಲಿ ಹಿಡಿದು ಮಗ ಹಿಂದೆ. ಹೊಲ ಮುಟ್ಟಿದ ಮೇಲೆ ಫಿಜಿಯ ಆ ಬಿಳಿ ಅಂಗಿಯ ತೋಳು ಮಡಚಿ ಸಿದ್ಧಾರೂಢನೇ ಬಲೆಯ ಗೂಟ ಹೊಡೆದ. ಬಂಡಮ್ಮ ಬದುವಿನ ಮೇಲೆ ರಾಣಿಯಂತೆ ಕೂತು ನೋಡಿದಳು.

ಆದರೆ ಇದು ಒಬ್ಬನ ಹೊಲ. ಮಾಣಿಕಪ್ಪ ಬೇಡವೆಂದಾಗ ಅವನ ಹಿಂದೆ ಓಡಿದವರು ಈಗ ಯಾಕೆ ಮೆಲ್ಲಗಾಗಿದ್ದೀರಿ? ನಿಮ್ಮ ಹೊಲವೂ ಖಾಲಿ ಬಿದ್ದಿದೆ, ಮಳೆ ದೂರವಿಲ್ಲ. ಇವತ್ತೇ ಖಂಡೆಪ್ಪನಿಗೆ ಫೋನ್ ಮಾಡಿ, ಹಿಂಡು ಕರೆಸಿ. ಮಗ ಜೊತೆಗೆ ಬಂದರೆ ಮಜ್ಜಿಗೆ ಕೊಡಿ.