ಗೇಟಿನ ಪಕ್ಕದ ಲೋಟ

ಈ ವಿಷಯ ಹೇಳುವುದನ್ನು ಮುಂದೂಡುತ್ತಲೇ ಬಂದಿದ್ದೇನೆ. ಗೋವಿಂದರಾಜನಗರದ ನಮ್ಮ ಮನೆಯ ಮಹಡಿಯಲ್ಲಿ ಒಬ್ಬ ನರ್ಸ್ ಬಾಡಿಗೆಗಿದ್ದರು. ದಿನಾ ಡ್ಯೂಟಿಗೆ ಹೊರಡುವ ಮುಂಚೆ ಇಳಿದು ಬಂದು ನನ್ನ ಬಿಪಿ ನೋಡುತ್ತಿದ್ದರು. ತಣ್ಣನೆಯ ಕೈ ತಾಗದಿರಲೆಂದು ಅಂಗೈ ಉಜ್ಜಿಕೊಂಡು ನನ್ನ ತೋಳಿಗೆ ಪಟ್ಟಿ ಸುತ್ತುವರು. ನಾನು ಬಾಯಿ ತೆರೆದರೆ, “ಮಾತಾಡ್ಬೇಡಿ ತಾತ, ಜಾಸ್ತಿ ತೋರ್ಸುತ್ತೆ” ಎನ್ನುವರು.

ಅವರ ಜಾತಿ ಗೊತ್ತಾದ ದಿನದಿಂದ ಅವರಿಗೆ ಪೇಪರ್ ಕಪ್ಪಿನಲ್ಲೇ ಕಾಫಿ ಕೊಡಿಸುತ್ತಿದ್ದೆ. ಒಮ್ಮೆ ಕಪ್ ಮುಗಿದಿತ್ತು. ಹೆಂಡತಿ ನನ್ನ ಹೆಸರು ಕೆತ್ತಿದ ಸ್ಟೀಲ್ ಲೋಟದಲ್ಲಿ ಕೊಟ್ಟಳು. ಅವರು ಹೋದ ಮೇಲೆ ಆ ಲೋಟವನ್ನು ನಾನು ಒಳಗೆ ಸೇರಿಸಲಿಲ್ಲ. ಹೂಕುಂಡಗಳಿಗೆ ನೀರು ಹಾಕಲೆಂದು ಗೇಟಿನ ಪಕ್ಕ ಇಟ್ಟೆ.

ಸಂಜೆ ಬರುವಾಗ ಅವರು ಅದನ್ನು ನೋಡಿರಬೇಕು. ಮರುದಿನ ಬೆಳಿಗ್ಗೆ ತಮ್ಮದೇ ಲೋಟ ತಂದರು.

“ಅಜ್ಜಿ, ಇನ್ಮೇಲೆ ಇದ್ರಲ್ಲೇ ಕೊಡಿ. ನಾನೇ ತೊಳ್ಕೊಂಡು ಹೋಗ್ತೀನಿ,” ಎಂದು ನಕ್ಕರು. ಆಮೇಲೆ ಎಂದಿನಂತೆ ಅಂಗೈ ಉಜ್ಜಿಕೊಂಡರು. ನನಗೆ ತಡೆಯಲಾಗಲಿಲ್ಲ.

“ನೋಡಮ್ಮ, ನಿನ್ನೆ ಆ ಲೋಟ...”

“ಮಾತಾಡ್ಬೇಡಿ ತಾತ, ಜಾಸ್ತಿ ತೋರ್ಸುತ್ತೆ.”

ಸುಮ್ಮನಾದೆ. ಪಟ್ಟಿ ಬಿಚ್ಚಿದ ಮೇಲೂ ಮಾತಾಡಲಿಲ್ಲ. ಅವರು ಮನೆ ಖಾಲಿ ಮಾಡಿದ ದಿನವೂ ಮಾತಾಡಲಿಲ್ಲ. ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟಿದ್ದು ಅವರನ್ನು, ನಮ್ಮ ಮಹಡಿ ಮನೆಯ ನರ್ಸಮ್ಮನನ್ನು.